ಮೊದಲು ಪಹಣಿ ಸರಿಮಾಡು

ಮಗಾ, ಎರಡು ಸಾವಿರ ರೂಪಾಯಿಗೆ ಇಷ್ಟು ಓಡಾಟ ಯಾಕೆ ಅಂತ ಅಮ್ಮನ ಮೇಲೆ ರೇಗಿದೆಯಂತೆ. ರೇಗಬೇಡ. ಪಿಎಂ ಕಿಸಾನ್ ಹಣ ವರ್ಷಕ್ಕೆ 6,000, ನಾಲ್ಕು ತಿಂಗಳಿಗೊಂದು ಕಂತು. ನಿನ್ನ ಬೆಂಗಳೂರಿನ ಲೆಕ್ಕದಲ್ಲಿ ಅದು ಸಣ್ಣ ದುಡ್ಡು. ಇಲ್ಲಿ ಒಂದು ಚೀಲ ಡಿಎಪಿಗೆ 1,350 ರೂಪಾಯಿ. ಬಿತ್ತನೆ ಹೊತ್ತಿಗೆ ಒಂದು ಕಂತು ಕೈಗೆ ಬಂದರೆ ನಿನ್ನಮ್ಮ ಗೊಬ್ಬರದಂಗಡಿಯಲ್ಲಿ ಸಾಲ ಬರೆಸದೆ ಬರುತ್ತಾಳೆ. ಅದರ ಬೆಲೆ ನನಗೆ ಗೊತ್ತು.

ಹಣ ನಿಂತಿರುವುದಕ್ಕೆ ಕಾರಣ ಬ್ಯಾಂಕಲ್ಲ. ನಿನ್ನಪ್ಪ ತೀರಿಕೊಂಡರೂ ಪಹಣಿಯಲ್ಲಿ ಇನ್ನೂ ಅವನ ಹೆಸರೇ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ, ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಅರ್ಜಿ ಕೊಡು. ಈ ಯೋಜನೆಗೆ 2019ರ ಫೆಬ್ರುವರಿ 1ಕ್ಕೆ ಮೊದಲೇ ಜಮೀನು ಹೆಸರಿನಲ್ಲಿರಬೇಕೆಂಬ ನಿಯಮವಿದೆ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡ. ಯಜಮಾನ ಸತ್ತು ವಾರಸುದಾರರಿಗೆ ಬಂದ ಜಮೀನಿಗೆ ಆ ಗಡುವು ಅಡ್ಡಬರುವುದಿಲ್ಲ.

ವಂಶವೃಕ್ಷ ಬರೆಸುವಾಗ ಅಕ್ಕನ ಹೆಸರು ಬಿಡಬೇಡ. ಮದುವೆಯಾಗಿ ಹೋದವಳು, ಅವಳಿಗೇಕೆ ಎನ್ನುವವರು ನಮ್ಮ ಮನೆತನದಲ್ಲೇ ಇದ್ದಾರೆ. ಅವರ ಮಾತು ತಪ್ಪು. ಅವಳಿಗೂ ನಿನ್ನಷ್ಟೇ ಹಕ್ಕಿದೆ. ಯಾರ ಪಾಲು ಎಷ್ಟು, ಯಾರು ಉಳುವುದು ಎಂಬುದನ್ನು ಕೂತು ಮಾತಾಡಿಕೊಳ್ಳಿ. ಅವಳಿಗೆ ತಿಳಿಯದ ಹಾಗೆ ಮಾಡಿಸಿದ ಖಾತೆಯ ಮೇಲೆ ನನಗೆ ನಂಬಿಕೆಯಿಲ್ಲ.

ಖಾತೆ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅಮ್ಮನ ಹೆಸರಿಗೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ, ಅಂದರೆ ರೈತ ಗುರುತಿನ ಸಂಖ್ಯೆ ಮಾಡಿಸು. ಅವಳ ಪಾಲಿನ ಸರ್ವೆ ನಂಬರ್ ಒಂದೂ ಬಿಡದೆ ಅದಕ್ಕೆ ಸೇರಿಸಲು ಹೇಳು. ಇ-ಕೆವೈಸಿ ಕೂಡ ಮುಗಿಸಿಬಿಡು. ಅವಳಿಗೆ ಎರಡು ಪಾಸ್‌ಬುಕ್ ಇವೆ. ಯಾವುದಕ್ಕೆ ಆಧಾರ್ ಜೋಡಣೆಯಾಗಿದೆಯೋ ಹಣ ಅದಕ್ಕೇ ಬೀಳುತ್ತದೆ. ಅದು ಯಾವುದೆಂದು ಬ್ಯಾಂಕಿನಲ್ಲೇ ಕೇಳು. ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಫೈಲನ್ನು ಮಾತ್ರ ಅವಳ ಫೋನಿನಲ್ಲಿ ಒತ್ತಲು ಬಿಡಬೇಡ, ಖಾತೆಯನ್ನೇ ಬಳಿದುಕೊಂಡು ಹೋಗುತ್ತಾರೆ.

ನಿನ್ನ ಹೆಸರಿಗೂ ಒಂದು ಅರ್ಜಿ ಹಾಕೋಣ ಅಂತ ಯಾರೋ ಹೇಳಿದರಂತೆ. ಬೇಡ. ನೀನು ಆದಾಯ ತೆರಿಗೆ ಕಟ್ಟುವವನು, ಆ ಹಣ ನಿನಗಲ್ಲ. ಹಾಗೆ ತೆಗೆದುಕೊಂಡವರಿಂದ ಸರ್ಕಾರ ವಾಪಸು ವಸೂಲಿ ಮಾಡಿದೆ. ವಸೂಲಿ ಮಾಡದಿದ್ದರೂ ಬೇಡ ಎನ್ನುತ್ತಿದ್ದೆ.

ಇನ್ನೊಂದು ಮಾತು ಬಹಳ ದಿನದಿಂದ ಮನಸ್ಸಿನಲ್ಲಿದೆ. ಕೆರೆ ಹಿಂದಿನ ನಮ್ಮ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ ಮಾಡುತ್ತಿರುವವನ ಹೆಸರು ಯಾವ ಕಾಗದದಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ 1974ರಿಂದ ಗೇಣಿಗೆ ಕೊಡುವುದೇ ನಿಷೇಧ. ಉಳುವವನಿಗೆ ಭೂಮಿ ಸಿಗಲಿ ಎಂದು ತಂದ ಕಾನೂನು ಅದು, ಎಷ್ಟೋ ಮನೆಗಳನ್ನು ನಿಲ್ಲಿಸಿದೆ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಹಾಗಾಗಿ ಬರ ಬಂದರೆ ಪರಿಹಾರವೆಲ್ಲ ಪಹಣಿಯಲ್ಲಿ ಹೆಸರಿದ್ದವರಿಗೇ. ರಾಜ್ಯದ 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ 2023ರಲ್ಲೂ ಹಾಗೆಯೇ ಆಯಿತು. ಬೀಜ, ಗೊಬ್ಬರ, ಕೂಲಿ ಎಲ್ಲ ಅವನದು. ಮಳೆಯಾಶ್ರಿತ ಹೆಕ್ಟೇರಿಗೆ 8,500ರ ಲೆಕ್ಕದ ಪರಿಹಾರ ಬಂದದ್ದು ನಮ್ಮ ಮನೆಗೆ. ಆ ವರ್ಷ ನಿನ್ನಪ್ಪ ಅದನ್ನು ಅವನ ಕೈಗೆ ಕೊಟ್ಟ. ನಿನಗೆ ಹೇಳಿರಲಿಕ್ಕಿಲ್ಲ, ನಿನ್ನಪ್ಪ ಹೇಳಿಕೊಳ್ಳುವ ಮನುಷ್ಯನಾಗಿರಲಿಲ್ಲ.

ಮುಂದೆ ಬೆಳೆ ಹೋದರೆ ನೀನೂ ಹಾಗೇ ಮಾಡು. ಬೆಳೆ ಸಮೀಕ್ಷೆಗೆ ಬಂದಾಗ ಆ ಹೊಲದಲ್ಲಿ ಬಿತ್ತಿದ್ದೇನೆಂದು ಅವನನ್ನೇ ಕೇಳಿ ಸರಿಯಾಗಿ ದಾಖಲಿಸು. ಶೇಂಗಾ ಇದ್ದಲ್ಲಿ ರಾಗಿ ಎಂದು ನಮೂದಾದರೆ ಆಮೇಲೆ ಪರಿಹಾರಕ್ಕೂ ವಿಮೆಗೂ ತಕರಾರು. ಅಮ್ಮನ ಹತ್ತಿರ ಇದನ್ನೆಲ್ಲ ಮಾತಾಡಿದ್ದೇನೆ, ಒಪ್ಪಿದ್ದಾಳೆ. ಸೋಮವಾರ ರಜೆ ಹಾಕಿ ಬಾ, ನಾಡಕಚೇರಿಗೆ ನಾನೂ ಬರುತ್ತೇನೆ.