ಕೆಂಪುಕಣ ಎಣಿಸದೆ ಎನ್‌ಎಡಿ ಅಳೆದರೆ

ಟ್ಯೂಬಿಗೆ ತೆಗೆದ ಮೇಲೂ ರಕ್ತದ ಕಣಗಳು ಬದುಕಿಯೇ ಇರುತ್ತವೆ. ಸುಮ್ಮನೆ ಬಿಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸನ್ನು ಅವೇ ತಿಂದು ಮುಗಿಸುತ್ತವೆ. ಶುಗರ್ ಪರೀಕ್ಷೆಗೆ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬನ್ನೇ ಬಳಸುವುದು ಇದಕ್ಕಾಗಿ. ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದ ಹೊಸದರಲ್ಲಿ ಹಿರಿಯರು ನನಗೆ ಮೊದಲು ಕಲಿಸಿದ್ದು ಯಂತ್ರ ನಡೆಸುವುದನ್ನಲ್ಲ, ಸ್ಯಾಂಪಲ್ ಕಾಪಾಡುವುದನ್ನು. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ಸ್ಯಾಂಪಲ್ ಕೆಟ್ಟಿದ್ದರೆ ಬರುವ ಸಂಖ್ಯೆಯೂ ಕೆಟ್ಟದ್ದೇ. ಸೇವೆಯುದ್ದಕ್ಕೂ ಜೊತೆಗಿದ್ದ ಆ ತಿಳಿವಳಿಕೆ ನಿವೃತ್ತಿಯಾದ ಮೇಲೆ ನಮ್ಮ ಮನೆಯ ಜಗಲಿಯಲ್ಲೇ ಕೆಲಸಕ್ಕೆ ಬಂತು.

ಈಗ ನಾನಿರುವುದು ತವರೂರು ಕೊಕ್ಕರೆ ಬೆಳ್ಳೂರಿನಲ್ಲಿ, ಅಣ್ಣನ ಮನೆಯ ಪಕ್ಕದಲ್ಲಿ. ಅತ್ತಿಗೆಗೆ ಅರವತ್ತು ದಾಟಿದೆ. ಹೊತ್ತಿಗೆ ಮುಂಚೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು ಡೇರಿಗೆ ಹಾಕಿ ಬರುತ್ತಿದ್ದ ಜೀವ ಸ್ವಲ್ಪ ಸ್ವಲ್ಪವಾಗಿ ಕುಗ್ಗತೊಡಗಿತ್ತು. “ಸುಸ್ತು ಕಣಮ್ಮ. ಕೊಟ್ಟಿಗೆಯಿಂದ ಒಳೀಕ್ ಬರೋ ಹೊತ್ಗೆ ಎದೆ ಡವಡವ ಅಂತದೆ” ಅನ್ನುತ್ತಿದ್ದರು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಓದಿಕೊಂಡವನು, ಅಮ್ಮನ ಮೇಲೆ ಪ್ರಾಣ ಇಟ್ಟುಕೊಂಡವನು. “ಅತ್ತೆ, ವಯಸ್ಸಾದಂಗೆ ಮೈಯಲ್ಲಿ ಎನ್‌ಎಡಿ ಕಮ್ಮಿಯಾಗುತ್ತಂತೆ. ಅಮ್ಮಂಗೆ ಅದೊಂದು ಟೆಸ್ಟ್ ಮಾಡಿಸಿ, ಕಮ್ಮಿ ಇದ್ರೆ ಕ್ಯಾಪ್ಸೂಲ್ ಶುರು ಮಾಡೋಣ” ಅಂದ. ಸಾವಿರಾರು ರೂಪಾಯಿ ಕಟ್ಟಿ, ಊರಿಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಏರ್ಪಾಡೂ ಮಾಡಿದ್ದ.

ಎನ್‌ಎಡಿ ಎಂದರೆ ನಿಕೋಟಿನಮೈಡ್ ಅಡೆನಿನ್ ಡೈನ್ಯೂಕ್ಲಿಯೋಟೈಡ್. ಇದು ಹೊಸ ಸರಕೇನಲ್ಲ. 1906ರಲ್ಲಿ ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟಿನ ರಸದಲ್ಲಿ ಇದರ ಸುಳಿವು ಹಿಡಿದರು. ಹಾರ್ಡನ್ ಮತ್ತು ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಇಬ್ಬರಿಗೆ 1929ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇದರ ಕೆಲಸವನ್ನು ನಮ್ಮ ಮಂಡ್ಯದ ಕಡೆಯವರಿಗೆ ಹೇಳುವುದು ಸುಲಭ: ಗದ್ದೆಯಿಂದ ಆಲೆಮನೆಗೆ ಕಬ್ಬು ಹೊರುವ ಗಾಡಿ ಇದು. ನಾವು ಉಂಡದ್ದರಿಂದ ಹೊರಟ ಹೈಡ್ರೋಜನ್, ಎಲೆಕ್ಟ್ರಾನುಗಳನ್ನು ತುಂಬಿಕೊಂಡು ಹೋಗುವಾಗ ಅದರ ಹೆಸರು ಎನ್‌ಎಡಿಎಚ್. ಇಳಿಸಿ ಖಾಲಿಯಾಗಿ ವಾಪಸು ಬರುವಾಗ ಎನ್‌ಎಡಿ ಪ್ಲಸ್. ಗಾಡಿ ಇಲ್ಲದಿದ್ದರೆ ಗದ್ದೆ ತುಂಬ ಕಬ್ಬಿದ್ದರೂ ಕೊಪ್ಪರಿಗೆಯಲ್ಲಿ ಬೆಲ್ಲವಿಲ್ಲ. ಹೊರುವುದಷ್ಟೇ ಅಲ್ಲ, ಡಿಎನ್‌ಎ ರಿಪೇರಿ ಮಾಡುವ ಕಿಣ್ವಗಳೂ ಸರ್ಟುಯಿನ್ ಎಂಬ ಕಿಣ್ವಗಳೂ ಇದನ್ನೇ ಖರ್ಚು ಮಾಡುತ್ತವೆ. ಇಲಿಗಳಲ್ಲಿ ವಯಸ್ಸಾದಂತೆ ಸಿಡಿ38 ಎಂಬ ಇನ್ನೊಂದು ಕಿಣ್ವ ಹೆಚ್ಚಿ ಎನ್‌ಎಡಿಯನ್ನು ತಿಂದು ಹಾಕುವುದು ಕಂಡಿದೆ. ಮುಪ್ಪಿಗೂ ಇದಕ್ಕೂ ನಂಟಿದೆ ಎಂಬ ಮಾತು ಗಾಳಿಮಾತಲ್ಲ.

ಇದನ್ನು ಮೈ ತಯಾರಿಸುವುದು ಬಿ3 ಜೀವಸತ್ವದಿಂದ, ಅಂದರೆ ನಯಾಸಿನ್‌ನಿಂದ. ಕಡಲೆಕಾಯಿ, ಮೀನು, ಕೋಳಿಮಾಂಸದಲ್ಲಿ ಅದು ಧಾರಾಳ. ಪ್ರೋಟೀನಿನಲ್ಲಿರುವ ಟ್ರಿಪ್ಟೋಫಾನ್ ಸುಮಾರು 60 ಮಿ.ಗ್ರಾಂ. ಸಿಕ್ಕರೆ ದೇಹವೇ 1 ಮಿ.ಗ್ರಾಂ. ನಯಾಸಿನ್ ಮಾಡಿಕೊಳ್ಳುತ್ತದೆ. ನಿಜವಾದ ನಯಾಸಿನ್ ಕೊರತೆ ಹೇಗಿರುತ್ತದೆಂದು ದಖ್ಖನಿನ ಬಡ ಜೋಳದೂಟದವರು ತೋರಿಸಿದ್ದಾರೆ: ಬಿಸಿಲು ಬೀಳುವ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ಬುದ್ಧಿಭ್ರಮೆ. ಪೆಲಾಗ್ರ ಎಂಬ ಆ ರೋಗದ ಬೆನ್ನು ಹತ್ತಿ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಮಾಡಿದ ಕೆಲಸ ನಮ್ಮ ತರಬೇತಿಯ ಪಾಠದಲ್ಲೇ ಇತ್ತು. ಅತ್ತಿಗೆಯ ಕೈಕಾಲು, ಕತ್ತು ನೋಡಿದೆ. ಅಂಥ ಗುರುತು ಒಂದೂ ಇರಲಿಲ್ಲ.

ರಕ್ತ ತೆಗೆಯುವ ಹುಡುಗ ಬೈಕಿನಲ್ಲಿ ಬಂದ. ಹುಣಸೆಮರದಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದ ಕಾಲ. ಊರು ನೋಡಿ ಅವನಿಗೂ ಖುಷಿ. ಕೈ ಪಳಗಿದ ಹುಡುಗ, ಒಂದೇ ಸಲಕ್ಕೆ ನರ ಹಿಡಿದ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ತುಂಬಿ, ನಾಲ್ಕಾರು ಸಲ ಮೆಲ್ಲಗೆ ಮಗುಚಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟ. ಡಬ್ಬಿಯ ಜೆಲ್ ಪ್ಯಾಕನ್ನು ಬೆರಳಿಂದ ಒತ್ತಿ ನೋಡಿದೆ. ಆಗಲೇ ಮೆತ್ತಗಾಗಿತ್ತು. ಇಲ್ಲಿಂದ ಬೆಂಗಳೂರಿಗೆ ಸುಮಾರು 80 ಕಿ.ಮೀ., ನಡುವೆ ಇನ್ನೂ ಮನೆಗಳು. ಎನ್‌ಎಡಿಯಂಥ ಅಣುವಿಗೆ ಆ ದಾರಿ ಬಹಳ ದೂರ. ರಕ್ತ ತೆಗೆದ ಕೂಡಲೇ ಆಮ್ಲದಲ್ಲಿ ಕಣಗಳನ್ನು ಒಡೆದು ಕಿಣ್ವಗಳನ್ನು ನಿಲ್ಲಿಸಬೇಕು, ಇಲ್ಲವೇ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಚಳಿಗೆ ತಳ್ಳಬೇಕು. ಅದಕ್ಕೆ ಡ್ರೈ ಐಸ್ ಬೇಕು. ಇನ್ನೊಂದು ತೊಡಕೂ ಇದೆ: ಎನ್‌ಎಡಿ ಪ್ಲಸ್ ಆಮ್ಲದಲ್ಲಿ ಉಳಿಯುತ್ತದೆ, ಕ್ಷಾರದಲ್ಲಿ ಹಾಳಾಗುತ್ತದೆ, ಎನ್‌ಎಡಿಎಚ್ ಅದಕ್ಕೆ ತದ್ವಿರುದ್ಧ. ಎರಡನ್ನೂ ಅಳೆಯಬೇಕೆಂದರೆ ಎರಡು ದಾರಿಯಲ್ಲಿ ತೆಗೆಯಬೇಕು. ವಿಶೇಷ ಕಾಗದದ ಮೇಲೆ ಬೆರಳ ತುದಿಯ ರಕ್ತದ ಹನಿ ಒಣಗಿಸಿ ಕಳಿಸುವ ವಿಧಾನಗಳೂ ಬಂದಿವೆ. ನಮ್ಮ ಮನೆಗೆ ಬಂದದ್ದು ಅದಲ್ಲ.

ರಿಪೋರ್ಟಿನಲ್ಲಿ ಎನ್‌ಎಡಿ ಎದುರಿಗೆ ಕೆಂಪಕ್ಷರದಲ್ಲಿ ‘ಕಡಿಮೆ’ ಎಂದಿತ್ತು. ಕೆಳಗೆ ಕ್ಯಾಪ್ಸೂಲಿನ ಸಲಹೆ. ಸ್ಯಾಂಪಲ್ ಎಷ್ಟು ಹೊತ್ತಿಗೆ ತಲುಪಿತು, ಯಾವ ಉಷ್ಣತೆಯಲ್ಲಿ ತಲುಪಿತು, ಯಾವ ವಿಧಾನದಲ್ಲಿ ಅಳೆದರು, ‘ಸಾಮಾನ್ಯ’ ಅಂದರೆ ಯಾವ ದೇಶದ ಯಾವ ವಯಸ್ಸಿನವರ ಸಾಮಾನ್ಯ, ಒಂದೂ ಇರಲಿಲ್ಲ. ಇಡೀ ಕಾಗದದಲ್ಲಿ ಹಿಮೋಗ್ಲೋಬಿನ್ ಎಂಬ ಪದವೇ ಇರಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಅದು.

ಯಾಕೆಂದರೆ ಎನ್‌ಎಡಿ ಇರುವುದು ಕಣಗಳ ಒಳಗೆ. ಕಣ ತೆಗೆದು ಉಳಿಯುವ ಪ್ಲಾಸ್ಮಾದಲ್ಲಿ ಅದು ತೀರಾ ಅತ್ಯಲ್ಪ. ರಕ್ತದಲ್ಲಿ ಕಣ ಎಂದರೆ ಬಹುಪಾಲು ಕೆಂಪುಕಣವೇ. ಅದಕ್ಕೆ ಮೈಟೋಕಾಂಡ್ರಿಯ ಇಲ್ಲದಿದ್ದರೂ ಗ್ಲೂಕೋಸ್ ಒಡೆಯಲು ಎನ್‌ಎಡಿ ಬೇಕೇ ಬೇಕು. ಹೀಗಾಗಿ ಇಡೀ ರಕ್ತದಲ್ಲಿ ಎನ್‌ಎಡಿ ಅಳೆದಾಗ, ಒಂದು ಲೆಕ್ಕದಲ್ಲಿ, ಕೆಂಪುಕಣ ಎಷ್ಟಿವೆ ಎಂಬುದನ್ನೂ ಅಳೆದಂತಾಯಿತು. ರಕ್ತಹೀನತೆ ಇರುವವರಲ್ಲಿ ಪ್ರತಿ ಕಣದೊಳಗೆ ಎನ್‌ಎಡಿ ಸರಿಯಾಗಿಯೇ ಇದ್ದರೂ, ಕಣಗಳೇ ಕಮ್ಮಿಯಾದ್ದರಿಂದ ಒಟ್ಟು ಮೊತ್ತ ಇಳಿಯುತ್ತದೆ. ಹಿಮೋಗ್ಲೋಬಿನ್ ಜೊತೆಗಿಟ್ಟು ನೋಡದೆ ಆ ಸಂಖ್ಯೆಗೆ ಅರ್ಥ ಹಚ್ಚಲು ಬರುವುದಿಲ್ಲ.

ಅತ್ತಿಗೆಯನ್ನು ಬೆಳಕಿಗೆ ಕೂರಿಸಿ ಕಣ್ಣಿನ ಕೆಳರೆಪ್ಪೆ ಎಳೆದೆ. ಒಳಗೆ ಕೆಂಪೇ ಇರಲಿಲ್ಲ. ಉಗುರುಗಳು ಚಪ್ಪಟೆಯಾಗಿ, ನಡುವೆ ತಗ್ಗುಬಿದ್ದಿದ್ದವು. ಮಾರನೇ ದಿನವೇ ಮದ್ದೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಹೆಂಗಸರಿಗೆ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 7.8 ಇತ್ತು. ಕೆಂಪುಕಣಗಳು ಸಣ್ಣವಾಗಿ, ಬಿಳಿಚಿಕೊಂಡಿದ್ದವು. ಕಬ್ಬಿಣದ ಕೊರತೆಯ ಲಕ್ಷಣ.

ಮುಟ್ಟು ನಿಂತು ವರ್ಷಗಳಾದ ಹೆಂಗಸಿಗೆ ಕಬ್ಬಿಣ ಯಾಕೆ ಕಮ್ಮಿಯಾಯಿತು ಎಂಬುದು ಮುಂದಿನ ಪ್ರಶ್ನೆ. ಆ ವಯಸ್ಸಿನಲ್ಲಿ ರಕ್ತ ಎಲ್ಲೋ ಸೋರುತ್ತಿದೆ ಎಂದೇ ಹುಡುಕಬೇಕು. ಉತ್ತರ ಸೀರೆ ಸೆರಗಿನ ಗಂಟಿನಲ್ಲಿತ್ತು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆ, ಎಷ್ಟೋ ಸಲ ಖಾಲಿ ಹೊಟ್ಟೆಯಲ್ಲೇ ನುಂಗಿದ್ದು. “ನುಂಗುದ್ರೆ ನಾಕ್ ಹೆಜ್ಜೆ ನಡೀಬೋದು ಕಣಮ್ಮ” ಅಂದರು. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣು ಕಾಣಿಸಿತು. ನೋವಿನ ಮಾತ್ರೆ ನಿಂತಿತು, ಹುಣ್ಣಿಗೆ ಔಷಧಿ, ಕಬ್ಬಿಣದ ಮಾತ್ರೆ ಶುರುವಾದವು. ಕೆಲವು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು. ಈಗ ಹಾಲು ಮತ್ತೆ ಅವರೇ ಡೇರಿಗೆ ಹಾಕುತ್ತಾರೆ. ಎನ್‌ಎಡಿ ಮತ್ತೆ ಅಳೆಸಿಲ್ಲ, ಅಗತ್ಯ ಕಾಣಲಿಲ್ಲ.

ಕ್ಯಾಪ್ಸೂಲ್ ತೆಗೆದುಕೊಂಡಿದ್ದರೆ? ರಕ್ತದಲ್ಲಿ ಎನ್‌ಎಡಿ ಏರುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ನಡುವಯಸ್ಸು ದಾಟಿದವರು ಇಂಥ ಕ್ಯಾಪ್ಸೂಲುಗಳಲ್ಲಿರುವ, ಬಿ3ಯದೇ ಒಂದು ರೂಪವಾದ ನಿಕೋಟಿನಮೈಡ್ ರೈಬೋಸೈಡನ್ನು ದಿನಕ್ಕೆ 1000 ಮಿ.ಗ್ರಾಂ.ನಂತೆ 6 ವಾರ ತೆಗೆದುಕೊಂಡಾಗ ಬಿಳಿ ರಕ್ತಕಣಗಳ ಎನ್‌ಎಡಿ ಸುಮಾರು ಶೇ. 60ರಷ್ಟು ಹೆಚ್ಚಿತು. ಆದರೆ ನಡಿಗೆ, ಬಲ ಇಂಥವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2021ರಲ್ಲಿ ಸೇಂಟ್ ಲೂಯಿಯಲ್ಲಿ ಮಧುಮೇಹದ ಅಂಚಿನಲ್ಲಿದ್ದ ಹೆಂಗಸರಿಗೆ 10 ವಾರ ಅಂಥದ್ದೇ ಇನ್ನೊಂದು ವಸ್ತುವಾದ ಎನ್‌ಎಂಎನ್ ಕೊಟ್ಟಾಗ ಸ್ನಾಯು ಇನ್ಸುಲಿನ್‌ಗೆ ಸ್ಪಂದಿಸುವುದು ಸುಧಾರಿಸಿತು. ತೂಕ, ರಕ್ತದ ಸಕ್ಕರೆ ಹಾಗೇ ಉಳಿದವು. 2024ರಲ್ಲಿ ಕ್ಲೀವ್‌ಲ್ಯಾಂಡಿನ ಸಂಶೋಧಕರು, ನಯಾಸಿನ್ ಅತಿಯಾದಾಗ ಹುಟ್ಟುವ 4ಪಿವೈ ಎಂಬ ವಸ್ತು ರಕ್ತದಲ್ಲಿ ಹೆಚ್ಚಿರುವವರಲ್ಲಿ ಹೃದಯಾಘಾತದಂಥ ತೊಂದರೆಗಳೂ ಹೆಚ್ಚು ಎಂದು ತೋರಿಸಿದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದ ನಮ್ಮ ಅತ್ತಿಗೆಗೆ ಆ ಕ್ಯಾಪ್ಸೂಲಿನಿಂದ ಏರಿದ ಸಂಖ್ಯೆಯೊಂದು ಸಿಗುತ್ತಿತ್ತು, ಅಷ್ಟೆ. ಹುಣ್ಣು ಹಾಗೇ ಇರುತ್ತಿತ್ತು. ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಪರೀಕ್ಷೆಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮೈಟೋಕಾಂಡ್ರಿಯದ ದೋಷದಿಂದ ಸ್ನಾಯು ಸವೆಯುವ ಒಂದು ಕಾಯಿಲೆಯಲ್ಲಿ ರಕ್ತ, ಸ್ನಾಯು ಎರಡರಲ್ಲೂ ಎನ್‌ಎಡಿ ಕಮ್ಮಿ ಇರುವುದನ್ನು ಫಿನ್‌ಲ್ಯಾಂಡಿನ ಸಂಶೋಧಕರು 2020ರಲ್ಲಿ ತೋರಿಸಿದರು. ದಿನಕ್ಕೆ 1 ಗ್ರಾಂವರೆಗೆ ನಯಾಸಿನ್ ಕೊಟ್ಟಾಗ ಅದು ಏರಿತು, ರೋಗಿಗಳ ಸ್ನಾಯುಬಲವೂ ಸುಧಾರಿಸಿತು. ಅಲ್ಲಿ ವೈದ್ಯರಿಗೆ ಒಂದು ಪ್ರಶ್ನೆಯಿತ್ತು, ರಕ್ತವನ್ನು ಕೂಡಲೇ ಸಂಸ್ಕರಿಸುವ ವ್ಯವಸ್ಥೆಯಿತ್ತು. ನಮ್ಮ ನಾಡಿನ ಹಳ್ಳಿಯ ಮುಪ್ಪು ತಿಳಿಯುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದವರನ್ನು 2018ರಿಂದ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ. ನಮ್ಮ ಮುದ್ದೆಯೂಟ, ನಮ್ಮ ರಕ್ತಹೀನತೆ, ನಮ್ಮ ದುಡಿತ ಇಟ್ಟುಕೊಂಡ ‘ಸಾಮಾನ್ಯ’ದ ಅಳತೆ ಹುಟ್ಟಬೇಕಾದರೆ ಇಂಥ ಕೆಲಸದಿಂದಲೇ.

ನಮ್ಮೂರಿನವರಿಗೆ ಸ್ಯಾಂಪಲ್ ಎಂಬ ಪದ ಪರಿಚಿತ. 2017ರ ಕೊನೆ, 2018ರ ಮೊದಲಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದಾಗ ಹಕ್ಕಿಜ್ವರವೇನೋ ಎಂದು ಊರು ಹೆದರಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಜಂತುಹುಳು. ಹಕ್ಕಿಗೆ ಏನಾಯಿತೆಂದು ಅಷ್ಟು ಮುತುವರ್ಜಿಯಿಂದ ವಿಚಾರಿಸಿದ ಊರಿನಲ್ಲಿ, ದಿನಾ ಏದುಸಿರು ಬಿಡುವ ಹೆಂಗಸನ್ನು ಮಾತ್ರ ‘ವಯಸ್ಸಾಯ್ತು’ ಎಂದು ಬಿಟ್ಟುಬಿಡುತ್ತೇವೆ.

ಹೊರಗಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಅಪ್ಪ ಅಮ್ಮನಿಗೆ ದುಬಾರಿ ಪರೀಕ್ಷೆ ಬುಕ್ ಮಾಡುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಶುಗರ್, ಬಿಪಿ, ಕ್ರಿಯಾಟಿನಿನ್, ಥೈರಾಯ್ಡ್ ನೋಡಿಸಿ. ಸಾಧ್ಯವಾದರೆ ಬಿ12 ಕೂಡ. ಅಮ್ಮ ಯಾವ ಯಾವ ಮಾತ್ರೆ ನುಂಗುತ್ತಾರೆ ಎಂದು ಕೇಳಿ, ಸೆರಗಿನ ಗಂಟು ಬಿಚ್ಚಿಸಿ ನೋಡಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳದಿದ್ದರೂ ಮಲ ಡಾಂಬರಿನ ಬಣ್ಣಕ್ಕೆ ತಿರುಗಿದೆ ಎಂದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.