ತವರಿನ ರುಚಿ ಮತ್ತು ಉಪ್ಪಿನ ಲೆಕ್ಕ

ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದುದು 1996ರಲ್ಲಿ, ನಮ್ಮ ದೆಹಲಿಯ ವಸಂತ ವಿಹಾರದಲ್ಲಿ. ಗೋಮಾಂಸ, ಹಂದಿಮಾಂಸಗಳೆರಡನ್ನೂ ಕೈಬಿಟ್ಟು, ಬಿಗ್ ಮ್ಯಾಕ್‌ನ ಸ್ಥಾನದಲ್ಲಿ ಕುರಿಮಾಂಸದ ‘ಮಹಾರಾಜ ಮ್ಯಾಕ್’ ಬಡಿಸಿದರು. ಮುಂದೆ ಅದು ಕೋಳಿಮಾಂಸಕ್ಕೆ ತಿರುಗಿತು.

ಇಲ್ಲಿ ನೆಲೆಸಿರುವ ಅಮೆರಿಕನ್ನರಿಗೆ ಇದು ಹೇಗೆ ತೋರುತ್ತದೆ? ನಮ್ಮ ಶಾಖೆಯ ಗ್ರಾಹಕರಾದ ದಂಪತಿಗಳನ್ನು ಕುತೂಹಲದಿಂದ ಕೇಳಿದೆನು. “ಹೆಸರು ನಮ್ಮದು, ರುಚಿ ನಿಮ್ಮದು” ಎಂದು ಪತಿಯ ಆಕ್ಷೇಪ. ಪತ್ನಿಗಾದರೋ ಕರಿದ ಆಲೂಗಡ್ಡೆಯ ವಾಸನೆಯೊಂದೇ ಸಾಕು, ಊರು ಕಣ್ಮುಂದೆ ಬರಲು. ಸ್ವದೇಶದಲ್ಲಿ ತಿಂಗಳಿಗೊಮ್ಮೆಯೂ ಅತ್ತ ಸುಳಿಯದವರು ಇಲ್ಲಿ ವಾರಕ್ಕೆರಡು ಸಲ ಹೋಗತೊಡಗಿದರಂತೆ. ವೈದ್ಯರು ಪತಿಯ ರಕ್ತದೊತ್ತಡವನ್ನು ಅಳೆದ ಬಳಿಕ ಆ ಉತ್ಸಾಹ ತಗ್ಗಿತು.

ನನಗೆ ನಗು ಬರಲಿಲ್ಲ. ಊರಿನಲ್ಲಿ ಹಬ್ಬಕ್ಕಷ್ಟೇ ಕಂಡ ವಡೆ, ಬೋಂಡಗಳನ್ನು ನಾವೂ ಇಲ್ಲಿ ಪ್ರತಿ ಭಾನುವಾರ ಹುಡುಕಿಕೊಂಡು ಹೋಗುವವರೇ!

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕು. ಬರ್ಗರಿನ ಬನ್ನು, ಚೀಸು, ಸಾಸು, ಕರಿದ ಆಲೂಗಡ್ಡೆ — ಉಪ್ಪು ಎಲ್ಲದರಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಜಮೆಯಾಗುತ್ತದೆ. ನಾಲಗೆಗೆ ಮೊತ್ತ ತಿಳಿಯುವುದಿಲ್ಲ. ಸಾಂಬಾರು, ಚಟ್ನಿ, ಉಪ್ಪಿನಕಾಯಿಗಳದೂ ಇದೇ ಖಾತೆ. ಜೊತೆಗೆ 300 ಮಿಲಿಲೀಟರ್ ಸಾಮಾನ್ಯ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ. ಹೊರಗಿನಿಂದ ಸೇರಿಸಿದ ಸಕ್ಕರೆಗೆ ಅದೇ ಸಂಸ್ಥೆ ಹಾಕಿಕೊಟ್ಟ ಮಿತಿ, 2000 ಕ್ಯಾಲೊರಿಯ ಆಹಾರದಲ್ಲಿ, ದಿನಕ್ಕೆ 50 ಗ್ರಾಂ.

ಆ ದಂಪತಿಗಳು ಈಗ ತಿಂಗಳಿಗೊಮ್ಮೆ ಹೋಗಿ, ಆಲೂಗಡ್ಡೆಯ ಒಂದೇ ಪೊಟ್ಟಣವನ್ನು ಹಂಚಿಕೊಂಡು, ಕೋಲಾದ ಬದಲು ನೀರು ಕುಡಿದು ಬರುತ್ತಾರೆ. ನಾನೂ ಎರಡನೆಯ ವಡೆಯನ್ನು ಬಿಟ್ಟಿದ್ದೇನೆ. ಎರಡನೆಯ ಬಟ್ಟಲು ಸಾಂಬಾರನ್ನು ಬಿಡಲು ಇನ್ನೂ ಮನಸ್ಸಾಗಿಲ್ಲ.