ಉದ್ದೀಪನ ಮದ್ದು ಮತ್ತು ಪ್ರೇಕ್ಷಕನ ನ್ಯಾಯ

ನಮ್ಮ ಬಸವಕಲ್ಯಾಣ, ಹುಮನಾಬಾದಿನ ಕಡೆ ಜಾತ್ರೆಯ ಕುಸ್ತಿಯೆಂದರೆ ಜನರಿಗೆ ಬಲು ಪ್ರೀತಿ. ಪೈಲವಾನನ ಮೈಯಲ್ಲಿ ಅವರು ಮೆಚ್ಚುವುದು ವರ್ಷಗಳ ಸಾಧನೆಯನ್ನು. ಆ ಬಲವು ಮದ್ದಿನಿಂದ ಬಂದುದೆಂದು ತಿಳಿದರೆ ನೋಡಿದವರು ಏನೆನ್ನಬೇಕು?

ನಮ್ಮ ನಾಡಿನಲ್ಲಿಯೇ ಇಂಥ ಪ್ರಸಂಗ ನಡೆದಿದೆ. ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರು 2010ರ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ ಓಟಗಳಲ್ಲಿ ಚಿನ್ನ ಗೆದ್ದರು. 2011ರ ಪರೀಕ್ಷೆಯಲ್ಲಿ, ಸ್ನಾಯುಗಳನ್ನು ಬೆಳೆಸುವ ಸ್ಟೀರಾಯ್ಡ್ ಅವರ ದೇಹದಲ್ಲಿ ಕಂಡುಬಂದಿತು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಮಾತ್ರೆಗಳಿಂದ ಅದು ಸೇರಿತೆಂದು ಓಟಗಾರ್ತಿಯರು ವಾದಿಸಿದರು. ಮೊದಲು ವಿಧಿಸಿದ 1 ವರ್ಷದ ನಿಷೇಧವನ್ನು ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯವು 2012ರಲ್ಲಿ 2 ವರ್ಷಕ್ಕೆ ಏರಿಸಿತು. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ ಎಂಬುದು ನಿಯಮ.

ಇಂಥಲ್ಲಿ ಪ್ರೇಕ್ಷಕರು ಎರಡು ಪಕ್ಷವಾಗುವುದು ಸಹಜ. ಒಬ್ಬನಿಗೆ ಹಿಂದಿನ ಪದಕವೆಲ್ಲ ಮೋಸ. ಇನ್ನೊಬ್ಬನಿಗೆ ನಮ್ಮವರು ತಪ್ಪೇ ಮಾಡರು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಹೀಗೆಯೇ ಆಯಿತು. 2007ರಲ್ಲಿ ಬ್ಯಾರಿ ಬಾಂಡ್ಸ್ ಹೋಮ್‌ರನ್ ದಾಖಲೆ ಮುರಿದ ಚೆಂಡಿಗೆ, ಸ್ಟೀರಾಯ್ಡಿನ ಸಂಶಯದಿಂದ, ಸಾರ್ವಜನಿಕರ ಮತದಂತೆ ನಕ್ಷತ್ರದ ಮುದ್ರೆ ಒತ್ತಲಾಯಿತು.

ಆದರೆ ಸಂಶಯವು ಸಾಕ್ಷಿಯಲ್ಲ, ಅಭಿಮಾನವೂ ಸಾಕ್ಷಿಯಲ್ಲ. ಅಶ್ವಿನಿಯವರ 2011ರ ದೋಷ ಸಿದ್ಧವಾಯಿತು. 2010ರ ಚಿನ್ನ ಅವರಲ್ಲಿಯೇ ಉಳಿಯಿತು. ಸಾಕ್ಷಿ ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ ಮಾತ್ರ ನಮ್ಮ ತೀರ್ಪೂ ಹೋಗಲಿ.

ಇನ್ನೊಂದು ಮಾತು. ಹಳ್ಳಿಯಿಂದ ಬಂದ ಮಕ್ಕಳು ಹಿರಿಯರು ಕೊಟ್ಟದ್ದನ್ನು ಪ್ರಶ್ನಿಸದೆ ನುಂಗುವುದುಂಟು. “ಇದರಲ್ಲಿ ಏನಿದೆ?” ಎಂದು ಕೇಳುವ ಧೈರ್ಯವನ್ನು ಅವರಿಗೆ ಕಲಿಸಬೇಕು. ಪದಕಕ್ಕೆ ಚಪ್ಪಾಳೆ ತಟ್ಟುವ ನಾವು ಕೊಟ್ಟವರನ್ನೂ ಅದೇ ಪ್ರಶ್ನೆ ಕೇಳಬೇಕು.